ಮನೆ ಹೆಸರಿನ ಕಾಲಂ

ಸರಕಾರಿ ಅರ್ಜಿ ತುಂಬಿಸುವ ಅಕ್ಷಯ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು, “ಮನೆ ಹೆಸರು?”

ಕೇಳಿದ್ದು ಹದಿನೆಂಟು ತುಂಬಿ ಎರಡು ತಿಂಗಳಾಗಿದ್ದ ಹುಡುಗನನ್ನು. ಮಕ್ಕಳ ಪಾಲನಾ ಸಂಸ್ಥೆಯಿಂದ ಹೊರಬಂದು ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ರಾತ್ರಿ ಮಲಗುವುದು ಅಂಗಡಿ ಜಗಲಿಯಲ್ಲಿ. ಅವನು ಬಾಯಿ ತೆರೆಯುವ ಮೊದಲೇ ಜೊತೆಗಿದ್ದ ನಿವೃತ್ತ ಮಾಷ್ಟ್ರು ಹೇಳಿಬಿಟ್ಟರು: “ಅವನಿಗೆ ಮನೆ ಗಿನೆ ಇಲ್ಲಮ್ಮ, ಆಶ್ರಮದಲ್ಲಿ ಬೆಳೆದವ.” ಪಾಠ ಮಾಡಿ ಪಳಗಿದ ಕಂಠ. ಸಾಲಿನಲ್ಲಿದ್ದ ಏಳೆಂಟು ಮಂದಿ ತಿರುಗಿ ನೋಡಿದರು. “ನೀರು ಕುಡಿದು ಬರ್ತೇನೆ ಮಾಷ್ಟ್ರೇ” ಎಂದು ಹೊರಗೆ ಹೋದ ಹುಡುಗ ಮೂರು ವಾರ ಯಾರ ಫೋನೂ ಎತ್ತಲಿಲ್ಲ.

ತಪ್ಪು ನನ್ನದು. ಬೆನ್ನಿಗೆ ಯಾರೂ ಇಲ್ಲದ ಇಂಥ ಮಕ್ಕಳ ಜೊತೆಗೆ ನಿಲ್ಲುವವರಿಗೆ, ಅಂದರೆ ಮೆಂಟರ್‌ಗಳಿಗೆ, ತರಬೇತಿ ಕೊಡುವುದು ನನ್ನ ಕೆಲಸ. ಒಂದು ಗಂಟೆ ಭಾಷಣ ಮಾಡಿ, ಚಾ ಬಿಸ್ಕತ್ತು ಕೊಟ್ಟು, “ಇನ್ನು ನೀವು ಮೆಂಟರ್” ಎಂದು ಅವರನ್ನು ಕಳುಹಿಸಿದವಳು ನಾನು. ಒಳ್ಳೆಯ ಮನಸ್ಸಿದ್ದರೆ ಉಳಿದದ್ದು ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಬರುವುದಿಲ್ಲ.

ನಮ್ಮ ಕಾಸರಗೋಡಿನಲ್ಲಿ ಮನೆ ಕೇಳುವುದು ಕುತೂಹಲವಲ್ಲ, ಮರ್ಯಾದೆ. ಬಸ್ಸಿನಲ್ಲಿ ಪಕ್ಕ ಕೂತವರು “ನಿಮ್ಮದು ಎಲ್ಲಾಯಿತು?” ಎನ್ನುತ್ತಾರೆ. ಬದಿಯಡ್ಕ ಎಂದರೆ, ಬದಿಯಡ್ಕದಲ್ಲಿ ಯಾವ ಮನೆ? ತಂದೆ ಯಾರು? ನಾಲ್ಕನೆಯ ಪ್ರಶ್ನೆಗೆ ಏನಾದರೊಂದು ನೆಂಟಸ್ತಿಕೆ ಸಿಕ್ಕಿಯೇ ಸಿಗುತ್ತದೆ. ತುಳುವಿನಲ್ಲಿ ಕೇಳಿ, ಮಲಯಾಳದಲ್ಲಿ ಕೇಳಿ, ಪ್ರಶ್ನೆ ಅದೇ. ಶಾಲೆಯ ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಇನಿಶಿಯಲ್, ಅರ್ಜಿಯಲ್ಲಿ ಮನೆ ಹೆಸರಿನ ಕಾಲಂ. ಬೆನ್ನಿಗೆ ಯಾರೂ ಇಲ್ಲದ ಹುಡುಗನೊಬ್ಬ ದಿನಕ್ಕೆ ಎಷ್ಟು ಸಲ ಆ ಕಾಲಮ್ಮಿಗೆ ಎಡವುತ್ತಾನೆ ಎಂಬುದು ಮನೆ ಇರುವ ನಮಗೆ ಹೊಳೆಯುವುದೇ ಇಲ್ಲ. ಹಾಗಾಗಿ ಈಗ ನನ್ನ ತರಬೇತಿ ಶುರುವಾಗುವುದೇ ಒಂದು ಖಾಲಿ ಅರ್ಜಿಯಿಂದ. ಒಬ್ಬರು ಗುಮಾಸ್ತ, ಒಬ್ಬರು ಹುಡುಗ, ಒಬ್ಬರು ಮೆಂಟರ್. ಮೆಂಟರ್ ಏನು ಮಾಡಬೇಕು? ಹಿಂದಿನ ದಿನವೇ ಹೋಟೆಲಿನಲ್ಲಿ ಕೂತು ಹುಡುಗನ ಜೊತೆ ಅರ್ಜಿ ತುಂಬಿಸಿಕೊಳ್ಳಬೇಕು. ಯಾವ ವಿಳಾಸ ಕೊಡುವುದು, ಬೆಳೆದ ಸಂಸ್ಥೆಯದ್ದೋ ಕೆಲಸದ ಜಾಗದ್ದೋ ಎಂಬುದನ್ನು ಅವನೇ ತೀರ್ಮಾನಿಸಬೇಕು. ಕೌಂಟರಿನಲ್ಲಿ ಮೆಂಟರ್ ಬಾಯಿ ಮುಚ್ಚಿಕೊಂಡಿರಬೇಕು. ಕೊನೆಯದೇ ಎಲ್ಲಕ್ಕಿಂತ ಕಷ್ಟ, ಮಾಷ್ಟ್ರುಗಳಿಗಂತೂ.

ಕಾನೂನಿನ ಭಾಗಕ್ಕೆ ಅರ್ಧ ದಿನ ಸಾಕು. 2015ರ ಬಾಲ ನ್ಯಾಯ ಕಾಯ್ದೆಯ 46ನೇ ಕಲಂ ಪ್ರಕಾರ, ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ ಬದುಕು ಕಟ್ಟಿಕೊಳ್ಳಲು ಹಣದ ನೆರವು ನೀಡಬಹುದು. ಸಂಸ್ಥೆ ಬಿಟ್ಟ ನಂತರದ ಈ ಆರೈಕೆ 21 ವರ್ಷದ ತನಕ. ವಿಶೇಷ ಸಂದರ್ಭದಲ್ಲಿ 23ರ ತನಕ ವಿಸ್ತರಿಸಲು ನಿಯಮಗಳಲ್ಲಿ ಅವಕಾಶವಿದೆ. ಕೇಂದ್ರ ಸರಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ. ಕೇಳಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಆದರೆ ಈ ಕಲಂ ಹೇಳುವುದು ಸಂಸ್ಥೆಯಲ್ಲಿ ಇದ್ದವರ ಬಗ್ಗೆ. ಅಮ್ಮ ತೀರಿಹೋಗಿ, ಅಪ್ಪ ಇನ್ನೊಂದು ಮದುವೆಯಾಗಿ, ಹದಿನೇಳರಲ್ಲಿ ಮನೆ ಬಿಟ್ಟು ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿದವನ ಹೆಸರಿನಲ್ಲಿ ಫೈಲೇ ಇರುವುದಿಲ್ಲ. ಅಂಥವನಿಗೆ ಹೇಳಲು ನನ್ನ ಬಳಿ ಒಂದು ಸಣ್ಣ ಸಂಗತಿ ಇದೆ: ಸೂರಿಲ್ಲದವನೂ ಮತದಾರರ ಪಟ್ಟಿಗೆ ಸೇರಬಹುದು. 6ನೇ ನಮೂನೆಯಲ್ಲಿ ಮಲಗುವ ಜಾಗ ಬರೆದರೆ ಬೂತ್ ಮಟ್ಟದ ಅಧಿಕಾರಿ ರಾತ್ರಿ ಬಂದು, ಅವನು ನಿಜಕ್ಕೂ ಅಲ್ಲೇ ಮಲಗುತ್ತಾನೆಯೇ ಎಂದು ನೋಡಬೇಕು. ಮಲಗುವುದು ಖಚಿತವಾದರೆ ವಿಳಾಸದ ದಾಖಲೆ ಬೇಡ. ತರಬೇತಿಗೆ ಬಂದವರು ಇದನ್ನು ಮೊದಲು ನಂಬುವುದಿಲ್ಲ.

ಭಾಷೆಯ ತೊಡಕು ಬೇರೆ. ನಮ್ಮ ಮಕ್ಕಳು ಕಲಿತದ್ದು ಕನ್ನಡದಲ್ಲಿ, ಆದೇಶ ಬರುವುದು ಮಲಯಾಳದಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ಮೆಂಟರ್‌ಗಳಿಗೂ ಮಲಯಾಳ ಮಾತಾಡಲು ಬರುತ್ತದೆ, ಓದಲು ತಡವರಿಸುತ್ತಾರೆ. ಹುಡುಗ ತಲಪಾಡಿ ದಾಟಿ ಮಂಗಳೂರಿನಲ್ಲಿ ಕೆಲಸ ಹಿಡಿದನೆಂದರೆ ಅವನು ಕರ್ನಾಟಕದಲ್ಲಿ, ಫೈಲು ಕೇರಳದಲ್ಲಿ. ಹೇಳಿ ಸುಖ ಇಲ್ಲ.

ತರಬೇತಿಯ ಹೆಚ್ಚಿನ ಸಮಯ ಹೋಗುವುದು ಒಂದು ಶಬ್ದದ ಮೇಲೆ: “ನೋಡುವ.” ನಮ್ಮ ಊರಿನಲ್ಲಿ ಇದು ಇಲ್ಲ ಎನ್ನುವ ಸಭ್ಯ ವಿಧಾನ. ಕಚೇರಿಗಳಲ್ಲಿ, ನೆಂಟರ ಮನೆಯಲ್ಲಿ ಈ ಮಕ್ಕಳು ಸಣ್ಣಂದಿನಿಂದ ಕೇಳಿದ್ದು ಇದನ್ನೇ. ನನ್ನ ತರಬೇತಿಯಲ್ಲಿ ಅದಕ್ಕೆ ನಿಷೇಧ. “ಬುಧವಾರ ಸಂಜೆ ಐದೂವರೆಗೆ ಬಸ್‌ಸ್ಟ್ಯಾಂಡಿಗೆ ಬರ್ತೇನೆ” ಎನ್ನಿ, ಇಲ್ಲವೇ “ಆಗುವುದಿಲ್ಲ” ಎನ್ನಿ. ಬರುತ್ತೇನೆಂದ ಮೇಲೆ, ಹುಡುಗ ಬಾರದಿದ್ದರೂ ನೀವು ಹೋಗಿ ನಿಲ್ಲಬೇಕು. ಮೊದಲ ಎರಡು ಮೂರು ಸಲ ಬೇಕೆಂದೇ ಬರುವುದಿಲ್ಲ ಅವರು. ದೂರದಲ್ಲಿ ನಿಂತು ನೋಡಿದ್ದೂ ಉಂಟು.

ನಾನು ಕಂಡ ಒಳ್ಳೆಯ ಮೆಂಟರ್ ಒಬ್ಬ ಆಟೋ ಚಾಲಕ. ಅಭ್ಯಾಸದಲ್ಲಿ ನಾನೇ ಹುಡುಗನಾಗಿ ಮಾತಾಡದೆ ಕೂರುತ್ತೇನೆ. ಹೆಚ್ಚಿನವರು ಅರ್ಧ ನಿಮಿಷ ತಾಳುವುದಿಲ್ಲ, “ನೋಡು ಮಗಾ, ಜೀವನ ಎಂದರೆ...” ಶುರು. ಇವರು “ಚಾ ಕುಡಿಯುವನಾ?” ಎಂದರು, ಬೇಡವೆಂದು ತಲೆ ಅಲ್ಲಾಡಿಸಿದೆ. “ಸರಿ” ಎಂದು ಬೀಗದ ಕೈ ತಿರುಗಿಸುತ್ತಾ ಆರಾಮವಾಗಿ ಕೂತರು. ಸ್ಟ್ಯಾಂಡಿನಲ್ಲಿ ಕಾದು ಕಾದು ಕಾಯುವುದು ಅವರಿಗೊಂದು ಕೆಲಸವೇ ಅಲ್ಲ.

ಸಾಲ ಕೊಡಬೇಡಿ ಎಂದರೆ ಎಲ್ಲರೂ ಮುಖ ಸಣ್ಣ ಮಾಡುತ್ತಾರೆ. ಜಿಪುಣತನಕ್ಕೆ ಹೇಳುವುದಲ್ಲ, ಐನೂರು ರೂಪಾಯಿ ತೆಗೆದುಕೊಂಡವನು ಹಿಂದೆ ಕೊಡಲಾಗದೆ ನಿಮ್ಮನ್ನೇ ತಪ್ಪಿಸಿಕೊಂಡು ತಿರುಗುತ್ತಾನೆ. ಒಟ್ಟಿಗೆ ಊಟ ಮಾಡಿ, ಬಿಲ್ಲು ನೀವು ಕೊಡಿ.

ಇನ್ನು ಮನೆಗೆ ಕರೆದುಕೊಂಡು ಹೋಗುವ ವಿಷಯ. ಒಬ್ಬ ಅಕ್ಕ ದೀಪಾವಳಿಗೆ ಹುಡುಗಿಯೊಬ್ಬಳನ್ನು ಮನೆಗೆ ಕರೆದು, ಹೊಸ ಚೂಡಿದಾರ ಕೊಟ್ಟು, ಫ್ಯಾಮಿಲಿ ಗ್ರೂಪಿಗೆ ಫೋಟೋ ಹಾಕಿದರು: “ನಮ್ಮ ಹೊಸ ಮಗಳು.” ಜನವರಿಗೆ ಸ್ವಂತ ಮಗಳ ಮದುವೆ ಗೊತ್ತಾಯಿತು, ಪುರುಸೊತ್ತು ಹೋಯಿತು, ಫೋನು ಕಡಿಮೆಯಾಯಿತು. ಆ ಹುಡುಗಿ ನನ್ನ ಹತ್ತಿರ ಅಳಲಿಲ್ಲ. “ಮಗಳು ಅಂತ ಹೇಳದಿದ್ರೆ ಆಗ್ತಿತ್ತು ಟೀಚರ್” ಎಂದಳು, ಅಷ್ಟೇ. ಅಮೆರಿಕದಲ್ಲಿ ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬಿಬ್ಬರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಕಂಡದ್ದು ಇದೇ: ವರ್ಷ ದಾಟಿದ ಜೊತೆಗಾರಿಕೆಯಿಂದ ಹೆಚ್ಚು ಪ್ರಯೋಜನ, ಮೂರು ತಿಂಗಳೊಳಗೆ ಮುರಿದುಬಿದ್ದಲ್ಲಿ ಮಕ್ಕಳು ತಮ್ಮ ಬಗ್ಗೆ ಇಟ್ಟುಕೊಂಡಿದ್ದ ಬೆಲೆಯೇ ಕುಸಿದಿತ್ತು. ಅದಕ್ಕೇ ನಾನು ಮೊದಲ ದಿನವೇ ಕೇಳುವುದು: ಮುಂದಿನ ಒಂದು ವರ್ಷದಲ್ಲಿ ನಿಮ್ಮ ಮನೆಯಲ್ಲಿ ಮದುವೆ, ಹೆರಿಗೆ, ಗಲ್ಫ್ ಪ್ರಯಾಣ ಏನಾದರೂ ಉಂಟಾ? ಇದ್ದರೆ ಈ ವರ್ಷ ಬೇಡ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

“ಯಾರಿಗೂ ಹೇಳುವುದಿಲ್ಲ” ಎಂದೂ ಮಾತು ಕೊಡಬಾರದು. ಹದಿನೆಂಟರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯಡಿ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. ಸಾಯುವ ಮಾತು ಬಂದರೆ ಬೆಳಗಾಗಲು ಕಾಯದೆ ನನಗೆ ಫೋನು ಮಾಡಬೇಕು, ಹುಡುಗನ ಕೈಯಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಇರಬೇಕು.

ಆ ಮಾಷ್ಟ್ರು ಬಿಡಲಿಲ್ಲ. ಮೂರು ವಾರವೂ ಬುಧವಾರ ಹೋಟೆಲಿನ ಎದುರು ಹೋಗಿ ನಿಂತು ಬಂದರು. ಈಗ ತರಬೇತಿಯಲ್ಲಿ ಗುಮಾಸ್ತನ ಪಾತ್ರ ಅವರದ್ದೇ, ಕನ್ನಡಕ ಮೂಗಿನ ತುದಿಗೆ ಇಳಿಸಿ, ತಲೆ ಎತ್ತದೆ “ಮನೆ ಹೆಸರು?” ಎನ್ನುತ್ತಾರೆ. ಕಳೆದ ಬಾರಿ ಮೆಂಟರ್ ಪಾತ್ರದಲ್ಲಿದ್ದ ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸೊಬ್ಬರು ಹುಡುಗನ ಕಡೆ ಬಗ್ಗಿ ಮೆಲ್ಲನೆ ಕೇಳಿದರು, “ನೀನೇ ಹೇಳ್ತೀಯಲ್ಲ? ನಾನು ಹೊರಗೆ ನಿಲ್ತೇನೆ.” ಮಾಷ್ಟ್ರು ಪಾತ್ರ ಮರೆತು ತಲೆ ಎತ್ತಿದರು.