ಪದ ಪರಿಚಯ: ಸರ್ವಿಸ್ ಡಿಪೆಂಡೆನ್ಸಿ

ದೀಪಾವಳಿಗೆ ಮೊದಲಿನ ಗುಡುಗು ಮಳೆಯ ದಿನಗಳಲ್ಲಿ ಉಡುಪಿಯ ಅಂಬಲಪಾಡಿಯಿಂದ ಭಾವ ಫೋನ್ ಮಾಡಿದರು. ಮನೆಯಲ್ಲಿ ಮೊಬೈಲಿಗೆ ವೈಫೈ ಬರುತ್ತಿದೆ, ಲ್ಯಾಪ್‌ಟಾಪಿಗೆ ಇಂಟರ್ನೆಟ್ ಇಲ್ಲ. ಸಿಡಿಲಿಗೆ ರೌಟರ್ ಅರ್ಧ ಸುಟ್ಟಿರಬೇಕೆಂದು ಅವರು ಹೊಸದನ್ನು ತಂದೂ ಆಗಿತ್ತು. ನಮ್ಮ ಕಡೆ ಆ ದಿನಗಳಲ್ಲಿ ಏನು ಕೆಟ್ಟರೂ ಅಪವಾದ ಸಿಡಿಲಿಗೇ.

ಹೋಗಿ ನೋಡಿದರೆ ವಿಂಡೋಸ್‌ನಲ್ಲಿ 'ಡಿಎಚ್‌ಸಿಪಿ ಕ್ಲೈಂಟ್' ಎಂಬ ಸರ್ವಿಸ್ ನಿಂತುಹೋಗಿತ್ತು. ರೌಟರಿನಿಂದ ಐಪಿ ವಿಳಾಸ, ಅಂದರೆ ಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ, ಕೇಳಿ ತರುವುದು ಅದರ ಕೆಲಸ. 'ಸ್ಟಾರ್ಟ್' ಒತ್ತಿದೆ. ದೋಷ ಸಂಖ್ಯೆ 1068 ಬಂತು: ಡಿಪೆಂಡೆನ್ಸಿ ಸರ್ವಿಸ್ ಅಥವಾ ಗುಂಪು ಆರಂಭವಾಗಲಿಲ್ಲ.

ಸರ್ವಿಸ್ ಎಂದರೆ ಕಣ್ಣಿಗೆ ಬೀಳದೆ ಹಿನ್ನೆಲೆಯಲ್ಲಿ ದುಡಿಯುವ ತಂತ್ರಾಂಶ. ಒಂದು ಸರ್ವಿಸ್ ಏಳಬೇಕಾದರೆ ಇನ್ನೊಂದು ಮೊದಲೇ ಎದ್ದಿರಬೇಕೆಂಬ ಕಟ್ಟು ಡಿಪೆಂಡೆನ್ಸಿ. ಕನ್ನಡದಲ್ಲಿ 'ಅವಲಂಬನೆ' ಎಂದು ಬರೆಯುತ್ತಾರೆ. ನನಗೆ 'ಹಂಗು' ಎಂಬ ಹಳೆಯ ಮಾತೇ ಹೆಚ್ಚು ಒಪ್ಪುತ್ತದೆ.

ಯಕ್ಷಗಾನ ಬಯಲಾಟ ನೋಡಿದವರಿಗೆ ಇದು ಗೊತ್ತಿರುವ ಸಂಗತಿ. ಬಣ್ಣ ಹಚ್ಚುವ ಚೌಕಿಯಲ್ಲಿ ವೇಷಧಾರಿ ಕಿರೀಟ ಕಟ್ಟಿ ಕುಳಿತಿದ್ದರೂ ಭಾಗವತರ ಪದ ಏಳದೆ ರಂಗಸ್ಥಳಕ್ಕೆ ಕಾಲಿಡುವಂತಿಲ್ಲ. ಭಾಗವತರು ಬಂದರೂ ಮದ್ದಳೆಯವರು ಬಾರದಿದ್ದರೆ ಪದ ಏಳುವುದಿಲ್ಲ. ಖಾಲಿ ರಂಗಸ್ಥಳದ ಎದುರು ಕುಳಿತವರು ಮಾತ್ರ ವೇಷ ಇನ್ನೂ ಬರಲಿಲ್ಲವೆಂದೇ ಗೊಣಗುತ್ತಾರೆ. 1068 ಕೂಡ ಅಂಥದೇ ಗೊಣಗಾಟ. ಬೆರಳು ತೋರಿಸುವುದು ವೇಷದ ಕಡೆಗೆ, ಬಾರದೆ ಉಳಿದವರು ಬೇರೆ.

ಹಾಗಾದರೆ ಬಾರದವರು ಯಾರು? ಸರ್ವಿಸಸ್ ಕಿಟಕಿಯಲ್ಲಿ ಏಳದ ಸರ್ವಿಸಿನ ಹೆಸರಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ 'ಡಿಪೆಂಡೆನ್ಸೀಸ್' ಟ್ಯಾಬ್ ತೆರೆಯಬೇಕು. ಮೇಲಿನ ಪೆಟ್ಟಿಗೆಯಲ್ಲಿ ಇದು ಯಾರ ಹಂಗಿನಲ್ಲಿದೆ ಎಂಬ ಪಟ್ಟಿ, ಕೆಳಗಿನದರಲ್ಲಿ ಇದರ ಹಂಗಿನಲ್ಲಿರುವವರು. ಹೆಚ್ಚಿನವರು ಕೆಳಗಿನದನ್ನು ನೋಡಿ ಗೊಂದಲಕ್ಕೆ ಬೀಳುತ್ತಾರೆ, ಬೇಕಾದದ್ದು ಮೇಲಿನದು. ಅಲ್ಲಿ ಡ್ರೈವರ್ ಎಂಬ ಒಳಪದರದ ತಂತ್ರಾಂಶಗಳ ಹೆಸರೂ ಇರುತ್ತದೆ, ಆದರೆ ಮುಖ್ಯ ಪಟ್ಟಿಯಲ್ಲಿ ಹುಡುಕಿದರೆ ಅವು ಸಿಗುವುದಿಲ್ಲ. ಇನ್ನೂ ನೇರ ದಾರಿ ಈವೆಂಟ್ ವ್ಯೂವರ್, ವಿಂಡೋಸ್ ತನ್ನೊಳಗೆ ನಡೆದದ್ದನ್ನು ಬರೆದಿಟ್ಟದ್ದನ್ನು ತೋರಿಸುವ ಕಿಟಕಿ. ಅದರ ಸಿಸ್ಟಮ್ ದಾಖಲೆಯಲ್ಲಿ 7001 ಸಂಖ್ಯೆಯ ನಮೂದು ಇಂಥ ಸರ್ವಿಸ್ ಇಂಥದ್ದನ್ನು ನಂಬಿತ್ತು, ಅದು ಇಂಥ ಕಾರಣಕ್ಕೆ ಏಳಲಿಲ್ಲ ಎಂದು ಹೆಸರು ಹಿಡಿದು ಹೇಳುತ್ತದೆ.

ಭಾವನ ಲ್ಯಾಪ್‌ಟಾಪಿನಲ್ಲಿ ಸಿಕ್ಕ ಹೆಸರು 'ನೆಟ್‌ವರ್ಕ್ ಸ್ಟೋರ್ ಇಂಟರ್‌ಫೇಸ್ ಸರ್ವಿಸ್'. ಅದನ್ನು ಯಾರೋ 'ಡಿಸೇಬಲ್ಡ್' ಮಾಡಿದ್ದರು. ಯಾರೋ ಎಂದರೆ, ಕಂಪ್ಯೂಟರಿನ ವೇಗ ಹೆಚ್ಚಿಸುತ್ತೇನೆಂದು ಬಂದ ಒಂದು ಉಚಿತ ತಂತ್ರಾಂಶ. 'ಆಟೋಮ್ಯಾಟಿಕ್'ಗೆ ತಿರುಗಿಸಿ ಮರುಚಾಲನೆ ಮಾಡಿದಾಗ ಎಲ್ಲವೂ ಸಾಲಾಗಿ ಎದ್ದವು. ಹೊಸ ರೌಟರ್ ಇಂದಿಗೂ ಪೆಟ್ಟಿಗೆಯೊಳಗೇ ಇದೆ.

1068ರ ದಾಯಾದಿ 1075. ನಂಬಿಕೊಂಡ ಸರ್ವಿಸ್ ಮಲಗಿರುವುದಲ್ಲ, ಊರಲ್ಲೇ ಇಲ್ಲ ಎಂದು ಅದರ ಅರ್ಥ. ಆ್ಯಂಟಿವೈರಸ್‌ನಂಥ ತಂತ್ರಾಂಶವನ್ನು ಕಿತ್ತುಹಾಕಿದರೂ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯ 'ಡಿಪೆಂಡ್‌ಆನ್‌ಸರ್ವಿಸ್' ಸಾಲಿನಲ್ಲಿ ಅದರ ಹೆಸರು ಉಳಿದಿದ್ದರೆ ಹೀಗಾಗುತ್ತದೆ. ಆ ಒಂದು ಹೆಸರನ್ನಷ್ಟೇ ಅಳಿಸಬೇಕು, ಅದಕ್ಕೂ ಮೊದಲು ರಿಜಿಸ್ಟ್ರಿಯ ಪ್ರತಿ ತೆಗೆದಿಟ್ಟುಕೊಳ್ಳಬೇಕು.

ಲಿನಕ್ಸ್‌ನ ಸಿಸ್ಟಮ್‌ಡಿ 2010ರಲ್ಲಿ ಬಂದದ್ದು, ಅಲ್ಲಿ ಸರ್ವಿಸುಗಳನ್ನು ಎಬ್ಬಿಸಿ ನೋಡಿಕೊಳ್ಳುವ ತಂತ್ರಾಂಶ. ಅದು ಹಂಗನ್ನೂ ಸರದಿಯನ್ನೂ ಬೇರೆ ಬೇರೆ ಇಟ್ಟಿದೆ. ಇದು ನನಗೆ ತುಂಬಾ ಇಷ್ಟ. 'ರಿಕ್ವೈರ್ಸ್' ಎಂದರೆ ಬೇಕೇ ಬೇಕು, 'ಆಫ್ಟರ್' ಎಂದರೆ ಅದರ ನಂತರ. ಭಾಗವತರು ರಿಕ್ವೈರ್ಸ್. ಕೋಡಂಗಿ, ಬಾಲಗೋಪಾಲ ವೇಷಗಳು ಪ್ರಸಂಗಕ್ಕೆ ಮೊದಲು ಬರುತ್ತವಾದರೂ ಕಾಲಮಿತಿಯ ಆಟದಲ್ಲಿ ಅವನ್ನು ಬಿಟ್ಟರೆ ಪ್ರಸಂಗ ನಿಲ್ಲುವುದಿಲ್ಲ. ಅದು ಆಫ್ಟರ್. ಬರೀ ರಿಕ್ವೈರ್ಸ್ ಬರೆದು ಆಫ್ಟರ್ ಮರೆತರೆ ಎರಡೂ ಒಟ್ಟಿಗೇ ಹೊರಡುತ್ತವೆ. ಒಂದು ದಿನ ಸರಿ, ಮರುದಿನ ಇಲ್ಲ ಎಂಬ ತಲೆನೋವು ಹುಟ್ಟುವುದು ಹೀಗೆ.

ಕರೆಂಟು ಹೋಗಿ ಬಂದಾಗ ಈ ತಲೆನೋವು ಎದ್ದು ಕಾಣುತ್ತದೆ. ರೌಟರ್ ಸುಧಾರಿಸಿಕೊಳ್ಳುವ ಮೊದಲೇ ಸರ್ವರ್ ಎದ್ದು, ಅದರೊಳಗಿನ ಸರ್ವಿಸ್ ವಿಳಾಸ ಸಿಗದೆ ಬೀಳುತ್ತದೆ. ಆಮೇಲೆ ಕೈಯಿಂದ ಆರಂಭಿಸಿದರೆ ಏನೂ ಆಗದವರಂತೆ ಓಡುತ್ತದೆ. ಇಲ್ಲಿ 'ನೆಟ್‌ವರ್ಕ್ ಟಾರ್ಗೆಟ್' ಎಂಬ ಸಿಸ್ಟಮ್‌ಡಿಯ ಹಂತವನ್ನು ಕಾದರೆ ಸಾಲದು, ಅದು ಐಪಿ ವಿಳಾಸ ಸಿಕ್ಕಿದೆಯೆಂಬ ಭರವಸೆ ಕೊಡುವುದಿಲ್ಲ. 'ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್' ಎಂಬುದನ್ನು 'ವಾಂಟ್ಸ್' (ಬೇಕು, ಬಾರದಿದ್ದರೂ ನಡೆಯುತ್ತದೆ) ಮತ್ತು 'ಆಫ್ಟರ್' ಎರಡೂ ಸಾಲಿನಲ್ಲಿ ಬರೆಯಬೇಕು.