ಹೊರಡುವಾಗ ‘ಬರ್ತೀನ್ರಿ’ ಅಂದರೆ ಅವರು ಕಾಯುತ್ತ ಕೂಡ್ತಾರ: ಸ್ಪ್ಯಾನಿಷ್ ಕ್ರಿಯಾಪದಗಳ ಗೊಂದಲ

ಹುಬ್ಬಳ್ಳಿ-ಧಾರವಾಡದಲ್ಲಿ ಸ್ಪ್ಯಾನಿಷ್ ಕಲಿಯುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಇಂಗ್ಲಿಷ್ ಪುಸ್ತಕ, ಇಲ್ಲವೇ ಇಂಗ್ಲಿಷ್ ಆ್ಯಪ್. ತೊಡಕು ಅಲ್ಲಿಂದಲೇ ಶುರು. ಇಂಗ್ಲಿಷ್‌ನ ಒಂದು ‘ಈಸ್’ ಸ್ಪ್ಯಾನಿಷ್‌ಗೆ ಹೋದರೆ ಎರಡು ಹೋಳು, ‘ಗೊತ್ತು’ ಅನ್ನುವ ಒಂದು ‘ನೋ’ ಎರಡು ಹೋಳು, ಒಂದು ‘ಕ್ಯಾನ್’ ಕೂಡ ಎರಡೇ. ಈ ಹೋಳುಗಳಲ್ಲಿ ಹೆಚ್ಚಿನವು ನಮ್ಮ ಆಡುಮಾತಿನಲ್ಲಿ ಮೊದಲೇ ಬೇರೆಬೇರೆಯಾಗಿ ಇವೆ. ಆದ್ದರಿಂದ ಸ್ಪ್ಯಾನಿಷ್ ಕ್ರಿಯಾಪದ ಆರಿಸುವಾಗ ಇಂಗ್ಲಿಷ್ ವಾಕ್ಯ ಬಿಟ್ಟು, ಅದೇ ಮಾತನ್ನು ಮನೆಯಲ್ಲಿ ಹೇಗೆ ಹೇಳುತ್ತೀರಿ ಅಂತ ಕೇಳಿಕೊಳ್ಳಿ. ಮೂರು ಕಡೆ ಮಾತ್ರ ಕನ್ನಡವೇ ನಮ್ಮನ್ನು ಹಳ್ಳಕ್ಕೆ ಕೆಡವುತ್ತದೆ, ಅದನ್ನೂ ಹೇಳುತ್ತೇನೆ.

ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಬಾಯಲ್ಲಿ ಬರುವಂತೆ ಬರೆದಿದ್ದೇನೆ. ‘ತ’, ‘ದ’ ಎರಡೂ ನಮ್ಮಂತೆ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವವು. ‘ಎಸ್ಟಾರ್’ ಅಲ್ಲ, ‘ಎಸ್ತಾರ್’. ಕಾಗದದ ಮೇಲೆ ‘ವಿ’ ಅಕ್ಷರ ಇದ್ದರೂ ಉಚ್ಚಾರ ‘ಬ’ಕ್ಕೆ ಹತ್ತಿರ.

ಎಲ್ಲರೂ ಎಡವುವ ಜೋಡಿ ‘ಸೆರ್’ ಮತ್ತು ‘ಎಸ್ತಾರ್’, ‘ಈಸ್’ನ ಎರಡು ಹೋಳು. ಶಾಶ್ವತಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್ ಎಂದು ಕಲಿಸುವ ನಿಯಮವನ್ನು ಮರೆತರೇ ಒಳ್ಳೆಯದು. ಸಾವಿಗಿಂತ ಶಾಶ್ವತ ಯಾವುದಿದೆ? ಆದರೂ ‘ಅಂವ ಸತ್ತಾನ’ ಅನ್ನಲು ‘ಎಸ್ತಾ ಮ್ವೆರ್ತೊ’. ಮೂರು ಗಂಟೆ ಎನ್ನುವುದು ನೋಡನೋಡುತ್ತ ಜಾರುವ ಹೊತ್ತು. ಅದಕ್ಕೆ ‘ಸೊನ್ ಲಾಸ್ ತ್ರೆಸ್’, ಅಂದರೆ ಸೆರ್.

ಕನ್ನಡದ ಕಡೆಯಿಂದ ನೋಡಿ. ‘ಇಂವ ನಮ್ಮಣ್ಣ’, ‘ಅವರು ವಕೀಲರು’, ‘ನಾವು ಗದಗದವರು’, ‘ಈ ಕೊಡ ತಾಮ್ರದ್ದು’, ‘ಇವತ್ತು ಸೋಮವಾರ’. ಒಂದರಲ್ಲೂ ಕ್ರಿಯಾಪದವೇ ಇಲ್ಲ. ಕನ್ನಡದಲ್ಲಿ ಹೀಗೆ ಕ್ರಿಯಾಪದ ಕಾಣದ ಕಡೆ ಸ್ಪ್ಯಾನಿಷ್‌ನಲ್ಲಿ ಸೆರ್ ಹಾಕಿ: ‘ಸೋಮೊಸ್ ದೆ ಗದಗ್’, ‘ಎಸ್ ದೆ ಕೋಬ್ರೆ’, ‘ಓಯ್ ಎಸ್ ಲೂನೆಸ್’. ಸಂಬಂಧ, ಕಸುಬು, ಊರು, ಯಾವುದರಿಂದ ಮಾಡಿದ್ದು, ದಿನ, ಗಂಟೆ, ಎಲ್ಲಕ್ಕೂ ಇದು ನಡೆಯುತ್ತದೆ.

ಇನ್ನು ಎಸ್ತಾರ್. ಇದರ ಮೂಲ ಲ್ಯಾಟಿನ್‌ನ ‘ಸ್ತಾರೆ’, ಅಂದರೆ ನಿಲ್ಲು. ಸಂಸ್ಕೃತದ ‘ಸ್ಥಾ’ ಅದರ ಒಡಹುಟ್ಟು. ಅದೇ ‘ಸ್ಥಾ’ದಿಂದ ಬಂದ ಎರಡು ಪದ ನಮ್ಮ ಬಾಯಲ್ಲಿ ದಿನಾ ಓಡಾಡುತ್ತವೆ: ಸ್ಥಾನ, ಸ್ಥಿತಿ. ಎಸ್ತಾರ್‌ನ ಮುಖ್ಯ ಕೆಲಸಗಳೂ ಆ ಎರಡೇ. ಅಣ್ಣ ಮನ್ಯಾಗ ಅದಾನ, ಇದು ಸ್ಥಾನ: ‘ಎಸ್ತಾ ಎನ್ ಕಾಸಾ’. ಆಕಿ ಸುಸ್ತಾಗ್ಯಾಳ, ಇದು ಸ್ಥಿತಿ: ‘ಎಸ್ತಾ ಕನ್ಸಾದಾ’.

ಸ್ಥಿತಿಯನ್ನು ಗುರುತಿಸಲು ಉತ್ತರ ಕರ್ನಾಟಕದ ಮಾತಿನಷ್ಟು ಒಳ್ಳೆಯ ಸಾಧನ ಮತ್ತೊಂದಿಲ್ಲ. ಬಾಗಿಲು ಮುಚ್ಚೇತಿ, ‘ಎಸ್ತಾ ಸೆರ್ರಾದಾ’. ಚಿಗರಿ ಬಸ್ಸು ತುಂಬೇತಿ, ‘ಎಸ್ತಾ ಯೇನೊ’. ಮಾವು ಹಣ್ಣಾಗೇತಿ, ‘ಎಸ್ತಾ ಮದೂರೊ’. ಮುಚ್ಚೇತಿ, ತುಂಬೇತಿ, ಆಗೇತಿ: ಒಂದು ಕೆಲಸ ನಡೆದು ಮುಗಿದು, ಅದರ ಫಲ ಈಗ ಕಣ್ಣ ಮುಂದಿದೆ. ‘ಸತ್ತಾನ’ ಕೂಡ ಇದೇ ಗುಂಪು. ಒಗಟು ಅಲ್ಲಿಗೇ ಬಿಡಿಸಿತು.

ಇಂಗ್ಲಿಷ್ ಹಾದಿಯವರು ಪಕ್ಕಾ ತಪ್ಪುವ ಜಾಗವೂ ಇಲ್ಲೇ ಇದೆ. ಕಟ್ಟೆಯ ಮೇಲೆ ಕುಂತವನನ್ನು ಇಂಗ್ಲಿಷ್ ‘ಸಿಟ್ಟಿಂಗ್’ ಅನ್ನುತ್ತದೆ. ಹಾಗಾಗಿ ಕಲಿಯುವವರು ‘ಎಸ್ತಾ ಸೆಂತಾಂದೊ’ ಅಂತಾರೆ. ಸ್ಪ್ಯಾನಿಷ್‌ನಲ್ಲಿ ಅದು ‘ಎಸ್ತಾ ಸೆಂತಾದೊ’. ನಾವೂ ‘ಕುಂದರಾಕತ್ತಾನ’ ಅನ್ನುವುದು ಕೂಡುವ ಕೆಲಸ ಇನ್ನೂ ನಡೆದಿರುವಾಗ ಮಾತ್ರ. ಕೂತು ಮುಗಿದಿದ್ದರೆ ‘ಕುಂತಾನ’. ನಿಂತಾನ, ಮಲಗ್ಯಾನ, ಇವೂ ಹೀಗೇ. ‘ನಿಂತಾನ’ಕ್ಕೆ ಲ್ಯಾಟಿನ್ ಅಮೆರಿಕದಲ್ಲಿ ‘ಎಸ್ತಾ ಪರಾದೊ’; ಸ್ಪೇನ್‌ನಲ್ಲಿ ‘ಎಸ್ತಾ ದೆ ಪ್ಯೆ’ ಅನ್ನಿ, ಯಾಕೆಂದರೆ ಅಲ್ಲಿ ‘ಪರಾದೊ’ ಅಂದರೆ ಕೆಲಸವಿಲ್ಲದವ ಅನ್ನುವ ಅರ್ಥವೂ ಇದೆ.

ಗುಣವಾಚಕ ಬಂದಾಗ ಸ್ವಲ್ಪ ನಿಧಾನಿಸಿ. ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್. ಅದು ‘ಉದ್ದ ಐತಿ’, ‘ಎಸ್ ಲಾರ್ಗೊ’, ಅದರ ಲಕ್ಷಣವೇ ಅದು. ಇಲ್ಲಿ ‘ಐತಿ’ ಕೇಳಿ ಎಸ್ತಾರ್ ಹಾಕಬೇಡಿ. ‘ಉದ್ದಂದು’, ‘ಎತ್ತರದಂವ’, ‘ಶಾಣ್ಯಾಕಿ’ ಅಂತ ತಿರುಗಿಸಿದರೂ ಅರ್ಥ ಕೆಡದಿದ್ದರೆ ಸೆರ್. ‘ಆಗೇತಿ, ಆಗ್ಯಾಳ’ ಅಂದರೆ ಸರಿಹೋಗುವುದಾದರೆ ಎಸ್ತಾರ್. ‘ಎಸ್ ಲೀಸ್ತಾ’, ಆಕಿ ಶಾಣ್ಯಾಕಿ. ‘ಎಸ್ತಾ ಲೀಸ್ತಾ’, ಆಕಿ ತಯಾರಾಗ್ಯಾಳ. ಬ್ಯಾಡಗಿ ಮೆಣಸಿನಕಾಯಿ ‘ಎಸ್ ರೋಹೊ’, ಕೆಂಪಂದು. ಬಿಸಿಲಿಗೆ ಹಾಕಿದ ಮೇಲೆ ‘ಎಸ್ತಾ ಸೇಕೊ’, ಒಣಗೇತಿ. ಮಾವಿನಕಾಯಿ ‘ಎಸ್ತಾ ಬೆರ್ದೆ’ ಅಂದರೆ ಬಣ್ಣದ ಮಾತಲ್ಲ, ಇನ್ನೂ ಕಾಯಿ ಅಂತ. ಗಿರ್ಮಿಟ್ ರುಚಿ ಆಗೇತಿ ಅನ್ನಲು ‘ಎಸ್ತಾ ರೀಕೊ’. ಮನುಷ್ಯನಿಗೆ ‘ಎಸ್ ರೀಕೊ’ ಅಂದರೆ ಸಾಹುಕಾರ.

ಕನ್ನಡ ಕೆಡವುವ ಮೊದಲ ಹಳ್ಳ ಇದು: ‘ಮದುವಿ ಹಾವೇರಿಯಾಗ ಐತಿ’. ಸ್ಥಾನವೇ ಆದರೂ ಇಲ್ಲಿ ‘ಲಾ ಬೋದಾ ಎಸ್ ಎನ್ ಹಾವೇರಿ’. ಮದುವೆ, ಸಭೆ, ಸಂಗೀತ ಕಛೇರಿ, ಪರೀಕ್ಷೆ, ಹೀಗೆ ನಡೆಯುವಂಥದ್ದು ಎಲ್ಲಿ ಅಂತ ಹೇಳಲು ಸೆರ್. ಮದುವೆಯ ಛತ್ರ ಎಲ್ಲಿದೆ ಅಂದರೆ ಮತ್ತೆ ಎಸ್ತಾರ್, ಯಾಕೆಂದರೆ ಛತ್ರ ಕಟ್ಟಡ.

‘ಐತಿ’ಗೆ ಇನ್ನೂ ಎರಡು ರೂಪ ಇವೆ. ಊರಾಗ ಒಂದು ಕೆರಿ ಐತಿ, ‘ಆಯ್ ಉನ್ ಲಾಗೊ’. ಉಣಕಲ್ ಕೆರಿ ಹುಬ್ಬಳ್ಳಿಯಾಗ ಐತಿ, ‘ಎಸ್ತಾ’. ಒಂದು, ಎರಡು, ಬಾಳ ಅಂತ ಲೆಕ್ಕ ಹೇಳುವಾಗ ‘ಆಯ್’. ಇಂಥದ್ದೇ ಅಂತ ಬೊಟ್ಟು ಮಾಡುವಾಗ ಎಸ್ತಾರ್. ‘ಆಯ್’ಗೆ ಬಹುವಚನ ಇಲ್ಲ, ಹತ್ತು ಕೆರೆ ಇದ್ದರೂ ‘ಆಯ್’. ಮೂರನೆಯದು ‘ನನಗ’ ಹಚ್ಚಿ ಹೇಳುವವು: ನನಗ ಇಬ್ಬರು ಮಕ್ಕಳು, ನನಗ ಹಸಿವಾಗೇತಿ, ನನಗ ಮೂವತ್ತು ವರ್ಷ, ನನಗ ಜ್ವರ. ಎಲ್ಲಕ್ಕೂ ‘ತೆಂಗೊ’.

ಎರಡನೆಯ ಹಳ್ಳ ‘ಕೇಳು’. ಕನ್ನಡದಲ್ಲಿ ಒಂದೇ ಇರುವುದು ಸ್ಪ್ಯಾನಿಷ್‌ನಲ್ಲಿ ನಾಲ್ಕಾಗುತ್ತದೆ. ಕೇಳಿದ ಮೇಲೆ ಕೈಗೆ ಏನಾದರೂ ಬರಬೇಕೆಂದರೆ ‘ಪೆದೀರ್’: ಚಹಾ ಕೇಳು, ಸಾಲ ಕೇಳು, ಕ್ಷಮೆ ಕೇಳು. ಹೆಣ್ಣು ಕೇಳುವುದಕ್ಕೂ ಅವರಲ್ಲಿ ಇದೇ ಪದ, ‘ಪೆದೀರ್ ಲಾ ಮಾನೊ’, ಕೈ ಕೇಳುವುದು. ಬಾಯಿಂದ ಉತ್ತರ ಬರಬೇಕೆಂದರೆ ‘ಪ್ರೆಗುಂತಾರ್’: ರೇಟು ಕೇಳು, ದಾರಿ ಕೇಳು. ಹೋಟೆಲಿನಲ್ಲಿ ‘ಪ್ರೆಗುಂತೊ ಉನ್ ತೆ’ ಅಂದರೆ ಮಾಣಿ ಮುಖ ನೋಡುತ್ತ ನಿಲ್ಲುತ್ತಾನೆ, ‘ಪೀದೊ’ ಅನ್ನಬೇಕು. ಪೆದೀರ್‌ನ ಒಳಗಿನ ‘ಎ’ ಕೆಲವು ರೂಪಗಳಲ್ಲಿ ‘ಇ’ ಆಗುತ್ತದೆ: ಪೀದೊ, ಪೀದೆ, ಆದರೆ ಪೆದೀಮೊಸ್, ಭೂತಕಾಲದಲ್ಲಿ ನಾನು ಪೆದೀ, ಅವನು ಪಿದ್ಯೋ. ಕಿವಿಯ ಕೆಲಸಕ್ಕೆ ಉಳಿದೆರಡು. ಮನಸ್ಸಿಟ್ಟು ಹಾಡು ಕೇಳುವುದು ‘ಎಸ್ಕುಚಾರ್’. ತಾನಾಗಿ ಕೇಳಿಸುವುದು ‘ಒಯೀರ್’. ಭೀಮಸೇನ ಜೋಶಿಯವರನ್ನು ಕೇಳುವುದು ಎಸ್ಕುಚಾರ್, ರೈಲಿನ ಸೀಟಿ ಕೇಳಿಸುವುದು ಒಯೀರ್. ಫೋನಿನಲ್ಲಿ ‘ಕೇಳಿಸ್ತೈತೇನ್ರಿ?’ ಅನ್ನಲು ‘ಮೆ ಓಯೆ?’, ಲ್ಯಾಟಿನ್ ಅಮೆರಿಕದಲ್ಲಿ ಇದಕ್ಕೂ ಎಸ್ಕುಚಾರ್ ಬಳಸುವವರು ಬಹಳ.

‘ಸಬೆರ್’, ‘ಕೊನೊಸೆರ್’ ಎರಡಕ್ಕೂ ನಾವು ‘ಗೊತ್ತು’ ಅನ್ನುತ್ತೇವೆ. ಅವರ ಮನಿ ಎಲ್ಲೈತಿ ಗೊತ್ತು: ಸಬೆರ್, ಅದು ಮಾಹಿತಿ. ಅವರ ಮನಿ ಗೊತ್ತು: ಕೊನೊಸೆರ್, ಹೋಗಿ ನೋಡಿದ್ದು. ಮನುಷ್ಯರಿಗೆ ಕೊನೊಸೆರ್ ಹಾಕಿದಾಗ ಹೆಸರಿಗೆ ಮೊದಲು ‘ಆ’ ಬರಲೇಬೇಕು: ‘ಕೊನೋಸ್ಕೊ ಆ ಸಾವಿತ್ರಿ’. ಇದನ್ನು ಬಿಡುವವರೇ ಹೆಚ್ಚು. ಈಜಾಕ ಬರೂದಿಲ್ಲ ಅಂದರೆ ‘ನೊ ಸೆ ನದಾರ್’, ಸಬೆರ್. ಕೈ ನೋವು, ಇವತ್ತ ಈಜಾಕ ಆಗೂದಿಲ್ಲ ಅಂದರೆ ‘ನೊ ಪ್ವೇದೊ ನದಾರ್’. ಇಂಗ್ಲಿಷ್‌ನ ‘ಕ್ಯಾನ್’ ಎರಡನ್ನೂ ನುಂಗಿಹಾಕುತ್ತದೆ, ನಮ್ಮ ಬರೂದು-ಆಗೂದು ನುಂಗುವುದಿಲ್ಲ. ಭೂತಕಾಲದಲ್ಲೂ ಕನ್ನಡ ಕಾಯುತ್ತದೆ: ಗೊತ್ತಿತ್ತು ‘ಸಬೀಯಾ’, ಗೊತ್ತಾತು ‘ಸೂಪೆ’, ಪರಿಚಯ ಇತ್ತು ‘ಕೊನೊಸೀಯಾ’, ಪರಿಚಯ ಆತು ‘ಕೊನೊಸೀ’.

ಮೂರನೆಯ ಹಳ್ಳ ಹೋಗು-ಬಾ. ಸ್ಪ್ಯಾನಿಷ್‌ನಲ್ಲಿ ‘ಹೋಗು’ ಅನ್ನಲು ‘ಇರ್’. ನಮ್ಮ ‘ಇರು’ವಿನ ಹಾಗೆ ಕೇಳಿದರೂ ಅರ್ಥ ಪೂರಾ ಉಲ್ಟಾ. ‘ಬಾ’ ಅನ್ನಲು ‘ಬೆನೀರ್’, ಅದೂ ಮಾತಾಡುವವನು ಈಗ ಇರುವ ಜಾಗಕ್ಕೆ ಮಾತ್ರ. ಬಾಗಿಲು ಬಡಿದಾಗ ನಾವು ‘ಬಂದೆ, ಬಂದೆ’ ಅಂತೀವಿ. ಅವರು ‘ಯಾ ಬೋಯ್’, ಹೋದೆ ಹೋದೆ. ಫೋನಿನಲ್ಲಿ ‘ನಾಳೆ ನಿಮ್ಮ ಮನಿಗೆ ಬರ್ತೀನಿ, ಫೇಡಾ ತರ್ತೀನಿ’ ಅನ್ನುವುದು ‘ಬೋಯ್’ ಮತ್ತು ‘ಯೇಬೊ’ ಆಗುತ್ತದೆ, ಅಂದರೆ ಹೋಗ್ತೀನಿ, ಒಯ್ತೀನಿ. ‘ತರು’ಗೆ ಇರುವ ‘ತ್ರಯೆರ್’ ನಮ್ಮ ಕಡೆಗೆ ಬರುವ ವಸ್ತುವಿಗಷ್ಟೇ. ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು ಅಂತ ನಾವು ‘ಬರ್ತೀನ್ರಿ’ ಅಂತೀವಿ. ಸ್ಪೇನ್‌ನಲ್ಲಿ ಹೊರಡುತ್ತ ‘ಅಓರಾ ಬೆಂಗೊ’ ಅಂದರೆ ಐದು ನಿಮಿಷದಲ್ಲಿ ತಿರುಗಿ ಬರ್ತೀನಿ ಅಂತ ಅರ್ಥ, ಕಾಯುತ್ತ ಕೂಡುತ್ತಾರೆ. ಅಲ್ಲಿ ‘ಮೆ ಬೋಯ್’ ಅಂದರೆ ಯಾರೂ ಅಪಶಕುನ ಅನ್ನುವುದಿಲ್ಲ. ಹೋಟೆಲಿನಲ್ಲಿ ಪಾರ್ಸಲ್ ಬೇಕಾದರೆ ‘ಪಾರಾ ಯೆಬಾರ್’.

ಬಸ್ಸು ಹಿಡಿಯುವುದಕ್ಕೆ ಸ್ಪೇನ್‌ನಲ್ಲಿ ‘ಕೊಹೆರ್’ ಸಾಮಾನ್ಯ ಪದ. ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಅದು ಅಶ್ಲೀಲ; ಅಲ್ಲಿ ‘ತೊಮಾರ್’ ಅನ್ನಿ. ಎಲ್ಲಿಗೆ ಹೋದರೂ ‘ತೊಮಾರ್’ ಅಂದರೆ ಅಪಾಯವಿಲ್ಲ.

‘ದೆಹಾರ್’ ಹೆಚ್ಚುಕಡಿಮೆ ನಮ್ಮ ‘ಬಿಡು’: ಪುಸ್ತಕ ಮನ್ಯಾಗ ಬಿಟ್ಟೆ, ಒಳಗ ಬಿಡಲಿಲ್ಲ, ಬೀಡಿ ಸೇದೂದು ಬಿಟ್ಟ. ಬಸ್ ಎಷ್ಟಕ್ಕ ಬಿಡತೈತಿ ಅನ್ನುವಾಗ ಮಾತ್ರ ಅಲ್ಲ, ಅದು ‘ಸಲೀರ್’.

ಕೊನೆಗೆ ಒಂದು ಅವಳಿ. ‘ಸೆಂತಾರ್ಸೆ’ ಕೂಡುವುದು, ‘ಸೆಂತೀರ್ಸೆ’ ಅನಿಸುವುದು. ‘ನಾನು’ ಬಂದಾಗ ಎರಡೂ ‘ಮೆ ಸ್ಯೆಂತೊ’. ಹಿಂದೆ ಮುಂದೆ ಇರುವ ಪದವೇ ಗತಿ: ‘ಮೆ ಸ್ಯೆಂತೊ ಅಕೀ’, ಇಲ್ಲಿ ಕೂಡ್ತೀನಿ, ‘ಮೆ ಸ್ಯೆಂತೊ ಮಾಲ್’, ಆರಾಮಿಲ್ಲ. ‘ಆಕಿ’ಗೆ ಬಂದರೆ ಬೇರೆಯಾಗುತ್ತವೆ, ‘ಸೆ ಸ್ಯೆಂತಾ’ ಕೂಡ್ತಾಳ, ‘ಸೆ ಸ್ಯೆಂತೆ’ ಅನಿಸತೈತಿ. ನಿನ್ನೆಯ ಮಾತಿನಲ್ಲಿ ‘ಮೆ ಸೆಂತೆ’ ಕುಂತೆ, ‘ಮೆ ಸೆಂತೀ’ ಅನಿಸ್ತು. ಕೊನೆಯ ಸ್ವರವನ್ನು ಒತ್ತಿ ಹೇಳದಿದ್ದರೆ ಎದುರಿನವರಿಗೆ ಯಾವುದೆಂದು ತಿಳಿಯುವುದಿಲ್ಲ.