ಆಪರೇಷನ್ ಟೇಬಲ್ ಮೇಲೆ ಮೈ ತಣ್ಣಗಾಗುವುದು: ಮೊದಲ ಗಂಟೆಯ ಲೆಕ್ಕ

ಏಪ್ರಿಲ್ ತಿಂಗಳ ದಾವಣಗೆರೆ. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಓ.ಟಿ. (ಆಪರೇಷನ್ ಕೋಣೆ) ಒಳಗೆ 19 ಡಿಗ್ರಿಯ ಎ.ಸಿ. "ಈ ಸೆಕೆಯಲ್ಲಿ ಹೊದಿಕೆ ಯಾಕ್ರೀ" ಅಂತ ರೋಗಿಯನ್ನು ತೆಳ್ಳನೆ ಗೌನಿನಲ್ಲೇ ಒಳಗೆ ಕಳಿಸಿದರೆ ತೊಂದರೆ ಅಲ್ಲಿಂದಲೇ ಶುರು. ದೇಹದ ಒಳಭಾಗದ ಉಷ್ಣತೆ 36 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ.

ಅರಿವಳಿಕೆ ಕೊಟ್ಟ ಮೊದಲ ಗಂಟೆಯಲ್ಲಿ ಒಳ ಉಷ್ಣತೆ 1ರಿಂದ 1.5 ಡಿಗ್ರಿ ಇಳಿಯಬಹುದು. ಆ ಬಿಸಿಯೆಲ್ಲ ಕೋಣೆಗೆ ಹೋಯಿತು ಅಂದುಕೊಂಡರೆ ತಪ್ಪು. ಎಚ್ಚರವಿರುವಾಗ ಕೈಕಾಲಿನ ರಕ್ತನಾಳಗಳು ಬಿಗಿದುಕೊಂಡು ಬಿಸಿಯನ್ನು ಎದೆ, ಹೊಟ್ಟೆ, ತಲೆಯಲ್ಲಿ ಹಿಡಿದಿಟ್ಟಿರುತ್ತವೆ. ಅರಿವಳಿಕೆ ಆ ಬಿಗಿತ ಸಡಿಲಿಸುತ್ತದೆ. ಒಳಗಿನ ಬಿಸಿ ರಕ್ತ ತಣ್ಣನೆಯ ಕೈಕಾಲಿಗೆ ಹರಿಯುತ್ತದೆ. ಶಾಂತಿಸಾಗರ ಕೆರೆಯ ತೂಬು ಎತ್ತಿದರೆ ನೀರು ಗದ್ದೆಗಿಳಿದು ಕೆರೆಯ ಮಟ್ಟ ಕುಸಿಯುವ ಹಾಗೆ. ಆಮೇಲಿನ 2–3 ಗಂಟೆಗಳ ನಿಧಾನ ಇಳಿಕೆ ಮಾತ್ರ ಕೋಣೆಗೆ ಹೋಗುವ ಬಿಸಿಯದು. ಅದರಲ್ಲಿ ದೊಡ್ಡ ಪಾಲು ವಿಕಿರಣ, ಅಂದರೆ ಮೈಯಿಂದ ಸುತ್ತಲಿಗೆ ತಾನಾಗಿ ಹೊಮ್ಮುವ ಬಿಸಿ. ನಂತರ ಗಾಳಿ, ತೆರೆದ ಹೊಟ್ಟೆಯಿಂದ ಆರುವ ತೇವ, ತಣ್ಣನೆ ಟೇಬಲ್.

ಹಾಗಾಗಿ ಅರಿವಳಿಕೆ ಕೊಟ್ಟ ಮೇಲೆ ಹೊದಿಸಲು ಓಡಾಡಿದರೆ ಮೊದಲ ಗಂಟೆಯ ಇಳಿಕೆ ತಡೆಯುವುದು ಕಷ್ಟ. ಗದ್ದೆ ಮೊದಲೇ ನೆಂದಿದ್ದರೆ ಕೆರೆ ಅಷ್ಟು ಬರಿದಾಗುವುದಿಲ್ಲ: ಅರಿವಳಿಕೆಗೆ 30 ನಿಮಿಷ ಮೊದಲೇ ಬಿಸಿಗಾಳಿ ಹೊದಿಕೆ (ಬ್ಲೋವರ್ ಪೈಪಿನಿಂದ ಬಿಸಿಗಾಳಿ ತುಂಬುವ ಹೊದಿಕೆ) ಹಾಕಿ ಕೈಕಾಲು ಬೆಚ್ಚಗೆ ಮಾಡಿ. ತುರ್ತು ಆಪರೇಷನ್ ಇದಕ್ಕಾಗಿ ಕಾಯಬಾರದು. ಬರೀ ಬಟ್ಟೆ ಹೊದಿಸಿದರೆ ಒಂದು ಪದರ ಚರ್ಮದ ಶಾಖನಷ್ಟವನ್ನು ಸುಮಾರು ಮೂರನೇ ಒಂದು ಪಾಲು ತಗ್ಗಿಸುತ್ತದೆ. ಮೂರು ಪದರ ಹಾಕಿದರೂ ಸುಮಾರು ಅರ್ಧ ಅಷ್ಟೇ. ಚಳ್ಳಕೆರೆ ಕಂಬಳಿ ತಂದರೂ ಅದು ಇರುವ ಬಿಸಿಯನ್ನು ಹಿಡಿದೀತು, ಹೊಸ ಬಿಸಿ ಕೊಡದು. (ಉಣ್ಣೆಯ ನೂಲೆಳೆ ಉದುರುವುದರಿಂದ ಓ.ಟಿ. ಒಳಗೆ ಅದು ಬೇಡವೇ ಬೇಡ.)

ತಣ್ಣಗಾದರೆ ಏನಾಗುತ್ತದೆ? ಗಾಯದ ಸುತ್ತ ರಕ್ತನಾಳ ಬಿಗಿದು ಆಮ್ಲಜನಕ ಕಡಿಮೆಯಾಗುತ್ತದೆ, ಬಿಳಿ ರಕ್ತಕಣಗಳು ಸೂಕ್ಷ್ಮಜೀವಿಗಳನ್ನು ಕೊಲ್ಲಲು ಸೋಲುತ್ತವೆ. ದೊಡ್ಡ ಕರುಳಿನ ಆಪರೇಷನ್ ಆದ 200 ರೋಗಿಗಳ 1996ರ ಅಧ್ಯಯನದಲ್ಲಿ ತಣ್ಣಗಿದ್ದವರಲ್ಲಿ 19%, ಬೆಚ್ಚಗಿದ್ದವರಲ್ಲಿ 6% ಗಾಯದ ಸೋಂಕು ಕಂಡಿತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಕೆಲಸ ಕುಂದಿ ರಕ್ತಸ್ರಾವ ಹೆಚ್ಚುತ್ತದೆ. ಲ್ಯಾಬಿನವರು ಪಿ.ಟಿ. ಪರೀಕ್ಷೆಯನ್ನು (ರಕ್ತ ಹೆಪ್ಪುಗಟ್ಟುವ ಹೊತ್ತಿನ ಅಳತೆ) 37 ಡಿಗ್ರಿಯಲ್ಲಿ ಮಾಡುವುದರಿಂದ ವರದಿ ಸರಿಯಾಗಿಯೇ ಬರುತ್ತದೆ, ಟೇಬಲ್ ಮೇಲೆ ರಕ್ತ ಮಾತ್ರ ನಿಲ್ಲುವುದಿಲ್ಲ! 2 ಡಿಗ್ರಿ ಇಳಿದರೆ ಸ್ನಾಯು ಸಡಿಲಿಸುವ ಔಷಧ ವೆಕ್ಯುರೋನಿಯಂನ ಪರಿಣಾಮದ ಅವಧಿ ಇಮ್ಮಡಿಗೂ ಮೀರುತ್ತದೆ. ಇನ್ನೊಂದು ಮಾತು: 5056 ರೋಗಿಗಳ 2022ರ ಅಧ್ಯಯನದಲ್ಲಿ 35.5 ಮತ್ತು 37 ಡಿಗ್ರಿಯ ಗುಂಪುಗಳ ನಡುವೆ ಹೃದಯದ ತೊಂದರೆಯಲ್ಲಾಗಲಿ ಸೋಂಕಿನಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 36ರಿಂದ ಅರ್ಧ ಡಿಗ್ರಿ ಇಳಿದರೆ ಹೆದರಬೇಕಿಲ್ಲ; 35ರ ಕೆಳಗೆ ಬಿಡಲೂಬಾರದು.

ಸ್ಪೈನಲ್ (ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆ) ಕೊಟ್ಟ ರೋಗಿಯನ್ನು ಮರೆಯುವುದು ಸುಲಭ. ಸೊಂಟದ ಕೆಳಗೆ ನಾಳ ಬಿಗಿಯುವುದಿಲ್ಲ, ನಡುಕ ಬರುವುದಿಲ್ಲ, ಕಾಲು ಬೆಚ್ಚಗಿರುವುದರಿಂದ ಒಳಗೆ ತಣ್ಣಗಾಗುತ್ತಿದ್ದರೂ ರೋಗಿ "ಚಳಿ ಇಲ್ಲ" ಅಂದುಬಿಡಬಹುದು. ಕೇಳಿ ಬಿಡಬೇಡಿ, ಅಳೆಯಿರಿ. ಅರಿವಳಿಕೆಯಲ್ಲಿ ಮಲಗಿದವರಿಗೆ ಅನ್ನನಾಳದ ಕೆಳಭಾಗದಲ್ಲಿ ತಾಪ ಅಳೆಯುವ ಪ್ರೋಬ್ ನಂಬಿಕಸ್ಥ. ಕಂಕುಳಿನ ಅಳತೆ ಅಷ್ಟಲ್ಲ. ಅರ್ಧ ಗಂಟೆಗೊಮ್ಮೆ ಬರೆದಿಡಿ.

ಕೋಣೆಯ ತಾಪದಲ್ಲಿರುವ 1 ಲೀಟರ್ ಸಲೈನ್ ವಯಸ್ಕರ ಸರಾಸರಿ ದೇಹತಾಪವನ್ನು ಸುಮಾರು 0.25 ಡಿಗ್ರಿ ಇಳಿಸುತ್ತದೆ. ಫ್ರಿಜ್‌ನಿಂದ ತಂದ ಒಂದು ಯೂನಿಟ್ ರಕ್ತವೂ ಅಷ್ಟೇ. 500 ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚು ಕೊಡುವುದಿದ್ದರೆ 37 ಡಿಗ್ರಿಗೆ ಬಿಸಿ ಮಾಡಿ. ಹೊಟ್ಟೆ ತೊಳೆಯುವ ದ್ರವ 38ರಿಂದ 40 ಡಿಗ್ರಿ ಇರಲಿ. ರೋಗಿಯ ಮೈ ತೆರೆದಿರುವಷ್ಟು ಹೊತ್ತು ಕೋಣೆ 21ಕ್ಕಿಂತ ಕೆಳಗಿರಬಾರದು. ಬಿಸಿ ಹೊದಿಕೆ ಶುರುವಾದ ಮೇಲೆ ಸರ್ಜನ್ ಕೇಳಿದರೆ ಕೋಣೆಯ ತಾಪ ಇಳಿಸಿ, ಗೌನಿನೊಳಗೆ ಅವರೂ ಬೆವರುತ್ತಾರೆ.

ಸುಟ್ಟ ಗಾಯಗಳ ವಿಷಯ. ಬಿಸಿ ಸಲೈನ್ ಬಾಟಲಿಯನ್ನು ಕಂಕುಳಲ್ಲಿ ಇಡಬೇಡಿ. ಹೊದಿಕೆಯಿಲ್ಲದೆ ಬ್ಲೋವರ್ ಪೈಪನ್ನು ಬರೀ ಚಾದರದ ಕೆಳಗೆ ತುರುಕಬೇಡಿ. ರಕ್ತ ಹರಿಯದ ಕಾಲಿನ ಮೇಲೆ ಬಿಸಿಗಾಳಿ ಬಿಡಬೇಡಿ. ಬಿಸಿಯನ್ನು ಕೊಂಡೊಯ್ಯುವ ರಕ್ತವಿಲ್ಲದೆ ಚರ್ಮ ಬೇಯುತ್ತದೆ, ರೋಗಿಗೆ ಹೇಳಲು ಎಚ್ಚರವಿರುವುದಿಲ್ಲ.

ರಿಕವರಿಯಲ್ಲಿ 15 ನಿಮಿಷಕ್ಕೊಮ್ಮೆ ಅಳೆಯಿರಿ. ನಡುಗುವ ದೇಹ ಆಮ್ಲಜನಕವನ್ನು ಎರಡು ಪಟ್ಟಿಗೂ ಹೆಚ್ಚು ಬಳಸಬಹುದು, ಆದ್ದರಿಂದ ಮೊದಲು ಮಾಸ್ಕ್, ಜೊತೆಗೆ ಬಿಸಿ ಹೊದಿಕೆ. ನಡುಕ ನಿಲ್ಲದಿದ್ದರೆ ಡಾಕ್ಟರ್ ಹೇಳಿದಂತೆ ವಯಸ್ಕರಿಗೆ ರಕ್ತನಾಳದಲ್ಲಿ ನಡುಕ ತಗ್ಗಿಸುವ ಪೆಥಿಡಿನ್ 25 ಮಿ.ಗ್ರಾಂ. ಒಳ ಉಷ್ಣತೆ 36 ಡಿಗ್ರಿ ಮುಟ್ಟುವ ತನಕ ವಾರ್ಡಿಗೆ ಸ್ಟ್ರೆಚರ್ ಹೊರಡುವುದಿಲ್ಲ.